ಗಿಣಿ ಅಡಕತ್ತರಿಯ ಗಿರಾಕಿಗಳು

ಆನ್‌ಲೈನಿನಲ್ಲಿ ಹಳೆಯ ಸಾಮಾನು ಮಾರಲು ಶುರು ಮಾಡಿದ ಮೇಲೆ ನನಗೆ ಮನುಷ್ಯರೆಂದರೆ ಹೇಸಿಗೆ ಹುಟ್ಟಿದೆ ಅಂದರೆ ನಮ್ಮ ಮನೆಯವರು ನಗುತ್ತಾರೆ. ಅವರು ಬುದ್ಧಿ ಬಂದಾಗಿನಿಂದ ಗಲ್ಲಾದ ಹಿಂದೆ ಕೂತವರು. ಎದುರಿಗೆ ನಿಂತು ಚೌಕಾಸಿ ಮಾಡುವ ಗಿರಾಕಿಯ ಮುಖ ನಮಗೆ ಕಾಣುತ್ತದೆ, ನಮ್ಮ ಮುಖ ಅವನಿಗೆ ಕಾಣುತ್ತದೆ. ಎಂಥ ಜಿಪುಣನಾದರೂ ಒಂದು ಮಟ್ಟದಿಂದ ಕೆಳಗಿಳಿಯಲು ನಾಚುತ್ತಾನೆ. ಫೋನಿನೊಳಗಿನ ಗಿರಾಕಿಗೆ ಆ ನಾಚಿಕೆ ಇರುವುದಿಲ್ಲ ಅಂತ ನನಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ.

ನಮ್ಮದು ಮಳವಳ್ಳಿ ಪೇಟೆಯಲ್ಲಿ ಪಾತ್ರೆ ಅಂಗಡಿ. ಸುತ್ತಲ ಹಳ್ಳಿಯವರು ಮನೆಯಲ್ಲಿ ಮೂಲೆ ಸೇರಿದ ಹಿತ್ತಾಳೆ, ತಾಮ್ರವನ್ನು ಚೀಲದಲ್ಲಿ ಹೊತ್ತು ತರುತ್ತಾರೆ. ಅದನ್ನು ತೂಕಕ್ಕೆ ಹಾಕಿ ಬೆಲೆ ಕಟ್ಟುತ್ತೇವೆ, ಅವರು ಅಷ್ಟಕ್ಕೆ ಸ್ಟೀಲಿನ ಡಬರಿಯೋ ಬಿಂದಿಗೆಯೋ ತೆಗೆದುಕೊಂಡು ಹೋಗುತ್ತಾರೆ. ಹಳೆಯದೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ರಾಶಿ ಬಿದ್ದು, ಗಾಡಿ ತುಂಬುವಷ್ಟಾದಾಗ ಕರಗಿಸುವವರ ಹತ್ತಿರ ಹೋಗುತ್ತದೆ. ನಾನು ಮದ್ದೂರಿನಿಂದ ಮದುವೆಯಾಗಿ ಬಂದವಳು. ಬಂದ ಹೊಸದರಲ್ಲಿ ಆ ರಾಶಿಯ ಮುಂದೆ ಕೂತು ಒಂದೊಂದನ್ನೇ ಎತ್ತಿ ನೋಡುವುದು ನನಗೆ ಚಟವಾಗಿತ್ತು. ಸುಣ್ಣದ ಡಬ್ಬಿ, ಕುಂಕುಮದ ಭರಣಿ, ನಂದಿಯ ಮೂತಿಯ ಗಿಂಡಿ. ಎಲ್ಲಕ್ಕಿಂತ ನನ್ನ ಕೈ ಹೋಗುತ್ತಿದ್ದದ್ದು ಅಡಕತ್ತರಿಗಳ ಕಡೆಗೆ. ಕುದುರೆ, ನವಿಲು, ನಮಸ್ಕಾರ ಮಾಡುವ ಹೆಂಗಸು, ಹೀಗೆ ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಅಡಿಕೆ ಕತ್ತರಿಸುವ ಒಂದು ಸಾಮಾನಿಗೆ ಯಾರೋ ಇಷ್ಟು ಮನಸ್ಸು ಕೊಟ್ಟು ಆಕಾರ ತಂದಿದ್ದಾರಲ್ಲ, ಇದನ್ನು ಹೇಗೆ ಕರಗಿಸುವುದು ಅನ್ನಿಸುತ್ತಿತ್ತು. ನಮ್ಮತ್ತೆ ಮಾತ್ರ, "ಒಸಿ ದಿನ ನೋಡ್ತೀಯೆ, ಆಮೇಲೆ ನೀನೇ ತೂಕುಕ್ ಆಕ್ತೀಯೆ ಬುಡು," ಅನ್ನುತ್ತಿದ್ದರು. ಅತ್ತೆಗೆ ಎಲೆ ಅಡಿಕೆ ಇಲ್ಲದೆ ಮಾತು ಬಾರದು. ಆದರೂ ಹಳೆಯ ಅಡಕತ್ತರಿಯ ಮೇಲೆ ಅವರಿಗೆ ಯಾವ ಮಮತೆಯೂ ಇರಲಿಲ್ಲ. ಚೂರು ಮಾಡಿದ ಅಡಿಕೆ ಪೊಟ್ಟಣದಲ್ಲಿ ಸಿಗುತ್ತಿರುವಾಗ ಕತ್ತರಿ ಯಾಕೆ ಅನ್ನುವವರು ಅವರು.

ಹಳೆಯ ವಸ್ತುಗಳನ್ನು ಮಾರುವ ಆ್ಯಪ್ ಒಂದಿದೆ ಅಂತ ಯಾರೋ ಹೇಳಿದರು. ನಾನು ಫೋಟೊ ತೆಗೆದು, ಎಲ್ಲಿಂದ ಬಂದದ್ದು, ಏನು ಮುರಿದಿದೆ ಅಂತ ನಾಲ್ಕು ಸಾಲು ಬರೆದು ಹಾಕತೊಡಗಿದೆ. ಮೊದಮೊದಲು ಖುಷಿಯೇ ಆಗಿತ್ತು. ಆಮೇಲೆ ಗಿರಾಕಿಗಳು ಬಂದರು.

ಒಬ್ಬ ಬೆಳಗಿನ ಕಾಫಿಗೆ ಮುಂಚೆಯೇ "ಲಾಸ್ಟ್ ಪ್ರೈಸ್?" ಅಂತ ಕೇಳುತ್ತಿದ್ದ. ಯಾವ ಸಾಮಾನಿಗೆ ಅಂತ ಕೇಳಿದರೆ, "ಎಲ್ಲದಕ್ಕೂ," ಅನ್ನುತ್ತಿದ್ದ. ಇನ್ನೊಬ್ಬರು ಒಂದು ಸುಣ್ಣದ ಡಬ್ಬಿಯನ್ನು ಮೇಲಿನಿಂದ, ಕೆಳಗಿನಿಂದ, ಬಿಸಿಲಿನಲ್ಲಿ, ನೆರಳಿನಲ್ಲಿ, ಮುಚ್ಚಳ ತೆಗೆದು, ಮುಚ್ಚಳ ಹಾಕಿ ವೀಡಿಯೊ ಮಾಡಿಸಿಕೊಂಡು, ಕೊನೆಗೆ ತಮಗೆ ಸುಮ್ಮನೆ ತಿಳಿದುಕೊಳ್ಳಬೇಕಿತ್ತು ಅಂದರು. ಮತ್ತೊಬ್ಬ ನನ್ನಿಂದ ಕೊಂಡ ಗಿಂಡಿಯನ್ನು ಆ್ಯಸಿಡ್ಡಿನಲ್ಲಿ ಅದ್ದಿ ತೊಳೆದು, ಬಣ್ಣ ಹೋಯಿತು, ದುಡ್ಡು ವಾಪಸ್ ಕೊಡಿ ಅಂದ.

ಇವರೆಲ್ಲ ಬರೀ ಕಿರಿಕಿರಿ. ಹೇಸಿಗೆ ತರಿಸಿದವರು ಬೇರೆ. ಗಂಡು ಹೆಣ್ಣು ತಬ್ಬಿಕೊಂಡಿರುವ ಆಕಾರದ ಒಂದು ಅಡಕತ್ತರಿಯನ್ನು ಮಾರಾಟಕ್ಕೆ ಹಾಕಿದ್ದೆ. ಹಿಂದೆ ಮದುವೆಯ ಮನೆಯಲ್ಲಿ ಉಡುಗೊರೆ ಕೊಡುತ್ತಿದ್ದ ಸಾಮಾನು ಅದು, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಮಾರುವವಳು ಹೆಂಗಸು ಅಂತ ಗೊತ್ತಾದದ್ದೇ ತಡ, ಎಲ್ಲೆಲ್ಲಿಂದಲೋ ಗಂಡಸರು ಬರೆಯತೊಡಗಿದರು. ಅದನ್ನು ಬಿಡಿಸಿ ತೋರಿಸಿ ಅಂದರು. ನಿಮ್ಮ ಕೈಯಲ್ಲಿ ಹಿಡಿದು ತೋರಿಸಿ ಅಂದರು. ಒಬ್ಬ ಬರೆದ ಮಾತನ್ನು ನಾನು ಇಲ್ಲಿ ಬರೆಯಲಾರೆ. ಅವನ ಪ್ರೊಫೈಲ್ ಚಿತ್ರದಲ್ಲಿ ಅವನ ಪಕ್ಕ ಹೆಂಡತಿ ಇದ್ದಳು, ತೊಡೆಯ ಮೇಲೆ ಮಗು ಇತ್ತು. ಓದಿ ನಾನು ಕೈ ತೊಳೆದುಕೊಂಡು ಬಂದೆ. ನಮ್ಮ ಮನೆಯವರು ಸಿಟ್ಟು ಮಾಡಲಿಲ್ಲ. ಆ್ಯಪಿನಲ್ಲಿದ್ದ ನನ್ನ ಚಿತ್ರ ತೆಗೆದು ತಮ್ಮ ಮೀಸೆಯ ಮುಖ ಹಾಕಿದರು. ಮಾರನೇ ದಿನ ಅದೇ ಮನುಷ್ಯ "ನಮಸ್ಕಾರ ಸಾರ್, ಆ ಪೀಸ್ ಇದೆಯಾ?" ಅಂತ ಕೇಳಿದ. ಅವನು ನಮಸ್ಕಾರ ಅಂದದ್ದು ನನಗೆ ಹಿಂದಿನ ಮಾತಿಗಿಂತ ಅಸಹ್ಯವಾಯಿತು.

ಆ ದಿನಗಳಲ್ಲೇ ಜಲಪಾತದ ಹತ್ತಿರದ ಬ್ಲಫ್ ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಂಗಸು ಅಂಗಡಿಗೆ ಬಂದರು. ವಯಸ್ಸು ನಮ್ಮತ್ತೆಗಿಂತ ಸ್ವಲ್ಪ ಕಮ್ಮಿ ಇರಬಹುದು. ಗಂಡ ಅಲ್ಲಿಯ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿದ್ದು ರಿಟೈರಾಗಿ ತೀರಿಕೊಂಡವರಂತೆ. ಮನೆಯಲ್ಲಿ ಒಂದು ಶುಭಕಾರ್ಯ ಬರುತ್ತಿತ್ತು, ದೊಡ್ಡ ಡಬರಿ ಬೇಕಾಗಿತ್ತು. ಚೀಲ ಬಗ್ಗಿಸಿದಾಗ ಚೊಂಬು, ತಟ್ಟೆಗಳ ಜೊತೆ ಒಂದು ಅಡಕತ್ತರಿ ಬಿತ್ತು. ಗಿಣಿಯ ಆಕಾರ. ರೆಕ್ಕೆಯ ಮೇಲೆ ಗರಿ ಗರಿಯಾಗಿ ಕೆತ್ತಿದ್ದರು. ಕೊಕ್ಕಿನ ಕೆಳಗೆ ಕಬ್ಬಿಣದ ಅಲಗು ಸವೆದು ತೆಳ್ಳಗಾಗಿತ್ತು. ಒಂದು ಕಣ್ಣಿನಲ್ಲಿ ಕೆಂಪು ಹರಳಿತ್ತು, ಇನ್ನೊಂದರಲ್ಲಿ ಅರಗು ಹಾಕಿ ಕೂರಿಸಿದ ಒಂದು ಕರಿಮಣಿ.

ನಾನು ಅದನ್ನು ಕೈಯಲ್ಲಿ ಹಿಡಿದು, ಎಷ್ಟು ಚೆನ್ನಾಗಿದೆ, ಇದನ್ನು ಯಾಕೆ ಕೊಡುತ್ತೀರಿ ಅಂದೆ. ಆ ಹೆಂಗಸು ಬಲಗೈ ಮುಂದೆ ಮಾಡಿದರು. ಉಂಗುರದ ಬೆರಳು ನಡುವಿನ ಗಿಣ್ಣಿನಿಂದ ಪಕ್ಕಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತ್ತು.

"ನಮ್ಮತ್ತೆದು ಕಣವ್ವ," ಅಂದರು. "ಉಪ್ ಎಚ್ಚಾದ್ರೂ ಇದ್ರಲ್ಲೇ ಒಡೀತಿದ್ಲು, ಕಮ್ಮಿಯಾದ್ರೂ ಇದ್ರಲ್ಲೇ ಒಡೀತಿದ್ಲು. ಗಿಣಿ ಕಣ್ಣು ಉದ್ರೋಯ್ತು ಅಂತ ನನ್ ತಾಳಿ ಸರದಿಂದ ಮಣಿ ಕಿತ್ಕಂಡ್ ಅಂಟಿಸ್ಕಂಡ್ಲು. ತೂಕುಕ್ ಆಕ್ಬುಡಿ."

ಆಕೆಯ ಅತ್ತೆ ಸತ್ತು ಬಹಳ ವರ್ಷವಾಗಿದ್ದರೂ ಗಂಡ ಇರುವವರೆಗೂ ಅದನ್ನು ಮನೆಯಿಂದ ಹೊರಗೆ ಹಾಕಲು ಆಗಿರಲಿಲ್ಲವಂತೆ. ಅವರಮ್ಮನ ಸಾಮಾನು, ಮುಟ್ಟಬೇಡ ಅನ್ನುತ್ತಿದ್ದರಂತೆ. ಇದನ್ನೆಲ್ಲ ಆಕೆ ಅಳದೆ, ಬಿಸಿಲು ಜಾಸ್ತಿ ಅನ್ನುವ ಹಾಗೆ ಹೇಳಿದರು. ಡಬರಿಯನ್ನು ಬೆರಳಿನಿಂದ ತಟ್ಟಿ ದಪ್ಪ ನೋಡಿ, ತಲೆಯ ಮೇಲೆ ಹೊತ್ತುಕೊಂಡು ಬಸ್ಸಿಗೆ ಹೋದರು. ಇದನ್ನು ಕರಗಿಸದೆ ಬೇರೆಯವರಿಗೆ ಮಾರುತ್ತೇನೆ, ಆಗಬಹುದಾ ಅಂತ ನಾನು ಕೇಳಿದ್ದೆ. ಏನಾದರೂ ಮಾಡಿ, ನನ್ನ ಮನೆಗೆ ಮಾತ್ರ ಬರುವುದು ಬೇಡ ಅಂದಿದ್ದರು.

ಆ್ಯಪಿನಲ್ಲಿ ನಾನು ಬೆರಳಿನ ವಿಷಯ ಬರೆಯಲಿಲ್ಲ. ಬ್ಲಫ್ ಹತ್ತಿರದ ಮನೆಯದು, ಒಂದು ಕಣ್ಣಿಗೆ ಕರಿಮಣಿ ಕೂರಿಸಿದೆ, ಅಲಗು ಸವೆದಿದೆ ಅಂತಷ್ಟೇ ಬರೆದೆ. ಮಂಡ್ಯದ ಒಬ್ಬರು ಅದೇ ದಿನ ಬರೆದರು. ಅವರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಹಳೆಯ ವಸ್ತು ಸಂಗ್ರಹಿಸುವವರ ಒಂದು ಮೊಬೈಲ್ ಗ್ರೂಪಿತ್ತು, ಅದರಲ್ಲಿ ಎಲ್ಲರೂ ಅವರನ್ನು ಗುರುಗಳೇ ಅನ್ನುತ್ತಿದ್ದರು. ನನ್ನನ್ನೂ ಅದಕ್ಕೆ ಸೇರಿಸಿದರು. ಫೋಟೊದಲ್ಲಿ ನಮ್ಮ ಮನೆಯವರ ಮುಖವಿದ್ದರೂ ಮಾರುವವಳು ನಾನು ಅಂತ ಅವರಿಗೆ ಹೇಳಿದ್ದೆ. ಮಾತು ಬಹಳ ಮೃದು. ಇಂಥ ವಸ್ತುಗಳನ್ನು ಉಳಿಸುತ್ತಿರುವ ನಿಮ್ಮಂಥ ಹೆಣ್ಣುಮಕ್ಕಳಿಗೆ ಕೈಮುಗಿಯಬೇಕು ಅಂದರು. ಹೆಂಗಸು ಅಂತ ಗೊತ್ತಾದ ಮೇಲೂ ಮರ್ಯಾದೆಯಾಗಿ ಮಾತಾಡಿದ ಮೊದಲ ಗಿರಾಕಿ ಅಂತ ನನಗೆ ಸಮಾಧಾನವಾಯಿತು.

ಆಮೇಲೆ ಅವರು ಫೋನು ಮಾಡಿ ಇದರ ಹಿಂದಿನ ಕತೆ ಬೇಕು ಅಂದರು. ಕತೆ ಇಲ್ಲದ ವಸ್ತು ಬರೀ ಲೋಹವಂತೆ. ಕೇಳಿದರಲ್ಲ ಅಂತ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅದು ಬೇಡ ಮೇಡಂ," ಅಂದರು. "ಏನಾದರೂ ಒಳ್ಳೇದು ಹೇಳಿ. ಅರಮನೆ ಕಡೆಯವರ ಮನೆಯದು ಅಂತ ಒಂದು ಪತ್ರ ಬರೆದುಕೊಡೋಕೆ ಆಗುತ್ತಾ?"

ಆಗುವುದಿಲ್ಲ ಅಂದೆ. ಅವರು ಬೇಜಾರು ತೋರಿಸಲಿಲ್ಲ. ವಾರವಿಡೀ ಚೌಕಾಸಿ ಮಾಡಿ, ಕರಿಮಣಿ ಹಾಕಿರುವುದು ಒಂದು ಕುಂದು ಅಂತ ಬೆಲೆ ಇಳಿಸಿ, ಕೊನೆಗೆ ಕೊಂಡರು. ನಾನು ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಡಬ್ಬಕ್ಕೆ ಹಾಕಿ ಕಳಿಸಿದೆ.

ಕೆಲವು ದಿನದ ಮೇಲೆ ಅದು ವಾಪಸ್ ಬಂತು. ವಸ್ತು ನಕಲಿ, ಇತ್ತೀಚೆಗೆ ಎರಕ ಹೊಯ್ದದ್ದು ಅಂತ ಅವರು ದೂರು ಕೊಟ್ಟಿದ್ದರು. ಡಬ್ಬ ನನ್ನದೇ, ಸೀರೆಯ ತುಂಡೂ ನನ್ನದೇ. ಬಿಚ್ಚಿದರೆ ಒಳಗೆ ಬೇರೆ ಗಿಣಿ. ಗರಿಗಳು ಮಂಕಾಗಿದ್ದವು, ಅಲಗಿಗೆ ಇನ್ನೂ ಧಾರವಿತ್ತು. ಒಂದು ಕಣ್ಣಿಗೆ ಕಪ್ಪು ಬಣ್ಣದ ಚುಕ್ಕೆ ಇಟ್ಟಿದ್ದರು. ಆ ಚುಕ್ಕೆಯನ್ನು ಉಗುರಿನಿಂದ ಕೆರೆದರೆ ಬಣ್ಣ ಬಂತು. ಅದಕ್ಕೆ ಮೊದಲೂ ನಾನು ಮೋಸ ಹೋಗಿದ್ದೆ. ಯಾರೋ ಕೂತು, ಕುಂಚ ಹಿಡಿದು, ನನಗೆ ಮೋಸ ಮಾಡಲೆಂದೇ ಅಷ್ಟು ಜೋಪಾನವಾಗಿ ಚುಕ್ಕೆ ಇಟ್ಟದ್ದನ್ನು ನೋಡಿದ್ದು ಅದೇ ಮೊದಲು.

ಆ್ಯಪಿನವರಿಗೆ ಬರೆದೆ. ಎರಡೂ ಗಿಣಿಗಳ ಫೋಟೊ ಕಳಿಸಿದೆ. ಗಿರಾಕಿ ತೋರಿಸಿದ ಸಾಕ್ಷಿ ಸರಿಯಾಗಿದೆ, ಅವರ ದುಡ್ಡು ವಾಪಸ್ ಕೊಟ್ಟಾಗಿದೆ, ಪ್ರಕರಣ ಮುಗಿದಿದೆ ಅಂತ ಉತ್ತರ ಬಂತು. ಮಂಡ್ಯದವರಿಗೇ ಫೋನು ಮಾಡಿದೆ. "ನನಗೆ ಬಂದದ್ದನ್ನೇ ಕಳಿಸಿದ್ದೀನಿ ಮೇಡಂ. ನಿಮಗೇ ಯಾರೋ ಮೋಸ ಮಾಡಿರಬೇಕು, ಪಾಪ," ಅಂದರು. ಪಾಪ ಅಂದ ಆ ದನಿಯಲ್ಲಿ ನಿಜವಾದ ಮರುಕವಿತ್ತು. ನಮ್ಮ ಮನೆಯವರು, ಹೋದದ್ದು ಹೋಯಿತು, ತೂಕಕ್ಕೆ ಬಂದ ಸಾಮಾನು, ಮರೆತುಬಿಡು ಅಂದರು. ನಾನು ಮರೆಯಲಿಲ್ಲ, ಮಾಡುವುದಕ್ಕೂ ಏನೂ ಇರಲಿಲ್ಲ.

ಗ್ರೂಪಿನಿಂದ ನಾನು ಹೊರಬಂದಿರಲಿಲ್ಲ. ತಿಂಗಳುಗಳ ಮೇಲೆ ಅದರಲ್ಲಿ ಒಂದು ಆಹ್ವಾನ ಬಂತು. ಗುರುಗಳ ಸಂಗ್ರಹದ ಪ್ರದರ್ಶನ, ಮಂಡ್ಯದ ಒಂದು ಸಭಾಭವನದಲ್ಲಿ, ಶಾಲೆಯ ಮಕ್ಕಳಿಗೆ ವಿಶೇಷ ಪರಿಚಯ. ಆಹ್ವಾನದ ಮೂಲೆಯಲ್ಲಿ ಚಿಕ್ಕದಾಗಿ ಒಂದು ಗಿಣಿಯ ಚಿತ್ರ. ದೊಡ್ಡದು ಮಾಡಿ ನೋಡಿದೆ. ಕರಿಮಣಿ ಬೆಳಕಿಗೆ ಮಿನುಗುತ್ತಿತ್ತು.

ಮದ್ದೂರಿಗೆ ಅಮ್ಮನ ಮನೆಗೆ ಹೋಗುತ್ತೇನೆ ಅಂತ ಹೊರಟೆ. ಅತ್ತೆ ನನ್ನ ಮುಖ ನೋಡಿದವರೇ ತಾವೂ ಸೀರೆ ಬದಲಿಸಿಕೊಂಡರು. ಬಸ್ಸಿನಲ್ಲಿ ವಿಷಯ ಹೇಳಿದೆ. ಅವರು ಕೇಳಿ, ಎಲೆಗೆ ಸುಣ್ಣ ಸವರುತ್ತಾ, "ಅದ್ಕೇ ಇಂಗ್ ಮೊಕ ಊದಿಸ್ಕಂಡಿದ್ದೀಯ. ಮೊದ್ಲೇ ಏಳ್ಬಾರ್ದಾ," ಅಂದರು. ಮದ್ದೂರಿನಲ್ಲಿ ಇಳಿದು ಅಮ್ಮನ ಮನೆಯಲ್ಲಿ ಒಂದು ಲೋಟ ನೀರು ಕುಡಿದ ಶಾಸ್ತ್ರ ಮಾಡಿ ಮಂಡ್ಯದ ಬಸ್ಸು ಹತ್ತಿದೆವು.

ಸಭಾಭವನದಲ್ಲಿ ಉದ್ದಕ್ಕೆ ಮೇಜುಗಳು, ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಗಾಜಿನ ಪೆಟ್ಟಿಗೆಗಳು. ಒಂದು ಶಾಲೆಯ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು, ಜೊತೆಗೆ ಒಬ್ಬ ಟೀಚರು. ಅವರಿಗೆ ವಿವರಿಸುತ್ತಿದ್ದವರು ಬಿಳಿ ಜುಬ್ಬದ ಒಬ್ಬ ಹಿರಿಯರು. ಫೋನಿನಲ್ಲಿ ಕೇಳಿದ ಅದೇ ಮೃದು ದನಿ. ನಾವು ಹಿಂದೆ ನಿಂತೆವು. ಅವರು ಗಿಣಿಯ ಪೆಟ್ಟಿಗೆಯ ಮುಂದೆ ಬಂದು ನಿಂತರು. ಕನ್ನಡಕ ತೆಗೆದು ಒರೆಸಿಕೊಂಡರು.

ಇದು ತಮ್ಮ ಅಜ್ಜಿಯದು ಅಂದರು. ಸಾಯಂಕಾಲ ಜಗಲಿಯ ಮೇಲೆ ಕೂತು, ತಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಡಿಕೆ ಕತ್ತರಿಸುತ್ತಾ ಕತೆ ಹೇಳುತ್ತಿದ್ದರಂತೆ. ಗಿಣಿಯ ಕಣ್ಣು ಬಿದ್ದುಹೋದಾಗ ಮೊಮ್ಮಗ ಅತ್ತನೆಂದು ತಮ್ಮ ತಾಳಿಯ ಕರಿಮಣಿಯನ್ನೇ ಕಿತ್ತು ಕೂರಿಸಿದರಂತೆ. ಈ ಗಿಣಿಯನ್ನು ಮುಟ್ಟಿದರೆ ಈಗಲೂ ಅಜ್ಜಿಯ ಕೈ ಮುಟ್ಟಿದ ಹಾಗಾಗುತ್ತದೆ ಅಂದರು. ಒಂದು ಹುಡುಗಿ ಕಣ್ಣೊರೆಸಿಕೊಂಡಳು.

ನನಗೆ ಆ ಹೊತ್ತಿನಲ್ಲಿ ಕಂಡದ್ದು ಬಾಗಿದ ಬೆರಳು. ತಾಳಿಯ ಮಣಿಯ ವಿಷಯ ಅವರಿಗೆ ಹೇಳಿದವಳು ನಾನೇ. ಅದು ಬೇಡ, ಒಳ್ಳೇದು ಹೇಳಿ ಅಂದವರು ಆ ಹೆಂಗಸಿನ ಕೊರಳಿನಿಂದ ಕಿತ್ತ ಮಣಿಯನ್ನೂ ಬಿಡದೆ ಎತ್ತಿಕೊಂಡು ಹೋಗಿದ್ದರು. ಮಾತಾಡಿದ್ದು ಅತ್ತೆ.

"ಸ್ವಾಮಿ, ನಿಮ್ಮಜ್ಜಿದು ಬ್ಲಫ್ ಕಡೆ ಯಾವೂರು?"

ಅವರು ನಗುತ್ತಲೇ ತಿರುಗಿ, ನಮ್ಮಜ್ಜಿ ಮಂಡ್ಯದವರೇ ತಾಯಿ ಅಂದರು. ಅತ್ತೆ ನನ್ನ ಕೈಯಿಂದ ಫೋನು ತೆಗೆದು, "ಅಂಗಾರೆ ನಮ್ ಸೊಸೆ ಮಾರಿದ್ ಗಿಣಿ ಯಾವ್ದು, ಒಸಿ ನೋಡಿ ಏಳಿ," ಅಂತ ಮುಂದೆ ಹಿಡಿದರು. ನಾನು ಆ್ಯಪಿಗೆ ಹಾಕಿದ್ದ ಫೋಟೊ ಅದರಲ್ಲಿತ್ತು. ರೆಕ್ಕೆಯ ಮೇಲಿನ ಓರೆ ಗೀರು, ಅರಗು ಹರಿದ ಗುರುತು, ಎಲ್ಲವೂ ಪಕ್ಕದಲ್ಲೇ ಗಾಜಿನೊಳಗೂ ಇದ್ದವು. ಟೀಚರು ಬಗ್ಗಿ ಫೋನು ನೋಡಿದರು, ಪೆಟ್ಟಿಗೆ ನೋಡಿದರು, ಮಕ್ಕಳನ್ನು ಮುಂದಿನ ಮೇಜಿಗೆ ಕರೆದುಕೊಂಡು ಹೋದರು.

ಮಕ್ಕಳ ಮುಂದೆ ಬೇಡ ಅಂತ ಅವರು ನಮ್ಮನ್ನು ಪಕ್ಕದ ಕೋಣೆಗೆ ಕರೆದರು. ಅಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅತ್ತೆಗೆ ತಾವೇ ಒಂದು ಕುರ್ಚಿ ಇಳಿಸಿ ಕೊಟ್ಟರು. ಕಾಫಿ ತರಿಸಲಾ ಅಂದರು. ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆ ಅಂತ ನನಗೆ ಅಂಗಡಿಯಲ್ಲಿ ನೋಡಿ ಗೊತ್ತು. ಸ್ಪೂನು ಸೆರಗಿಗೆ ಹಾಕಿಕೊಂಡವರು ಕೂಡ ಒಂದು ಕ್ಷಣ ಕೆಂಪಾಗುತ್ತಾರೆ. ಇವರ ಮುಖ ಕೆಂಪಾಗಲಿಲ್ಲ.

"ಮೇಡಂ, ನಿಮ್ಮ ಹತ್ತಿರ ಇದ್ದಿದ್ದರೆ ಯಾರದೋ ಶೋಕೇಸಿಗೆ ಹೋಗ್ತಿತ್ತು," ಅಂದರು. "ನನ್ನ ಹತ್ತಿರ ಇರೋದರಿಂದ ಮಕ್ಕಳು ನೋಡ್ತಿದ್ದಾರೆ. ನೀವು ವ್ಯಾಪಾರಸ್ಥರು, ನಿಮಗೆ ಇದು ಸಾಮಾನು. ನನಗೆ ಪರಂಪರೆ."

ನಕಲಿ ಗಿಣಿಯನ್ನು ವಾಪಸ್ ಕಳಿಸಿದ್ದು ಯಾರು ಅಂದೆ. ಅದು ಆ್ಯಪಿನವರು ತೀರ್ಮಾನ ಮಾಡಿದ ವಿಷಯ, ಈಗ ಯಾಕೆ ಅಂದರು. ಅಜ್ಜಿಯ ಕತೆ ಯಾರದು ಅಂದೆ. ಅಜ್ಜಿ ಅಂದರೆ ಎಲ್ಲರಿಗೂ ಅಜ್ಜಿಯೇ ಅಲ್ಲವಾ ಅಂದರು. ನಿಜವಾದ ಕತೆ ಕೇಳಿದರೆ ಮಕ್ಕಳ ಮನಸ್ಸಿಗೆ ನೋವಾಗುತ್ತದೆ, ನಮ್ಮ ಹಿರಿಯರ ಮೇಲೆ ಗೌರವ ಹೋಗುತ್ತದೆ ಅಂದರು. ಅವರು ಅದನ್ನು ನಂಬಿಯೇ ಹೇಳುತ್ತಿದ್ದರು. ಸುಳ್ಳೆಂದು ತಿಳಿದೇ ಹೇಳಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಆ ನಂಬಿಕೆಯೇ ನನಗೆ ಅಸಹ್ಯವಾಯಿತು.

"ಗಿಣಿ ಕೊಟ್ಟುಬಿಡಿ," ಅಂದೆ. "ಇಲ್ಲದೇ ಹೋದರೆ ಹೊರಗೆ ಆ ಮೇಜಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಸಾಯಂಕಾಲದವರೆಗೂ ಕೂತಿರ್ತೀನಿ. ಬಂದವರಿಗೆಲ್ಲ ಈ ಗಿಣಿ ಏನು ಮಾಡ್ತಿತ್ತು ಅಂತ ನಾನೇ ಹೇಳ್ತೀನಿ."

ಅವರು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಅತ್ತೆ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಎಲೆಯ ಚೀಲ ಬಿಚ್ಚುತ್ತಿದ್ದರು. ಹೋಗುವ ಆತುರ ಅವರಲ್ಲಿ ಕಾಣಲಿಲ್ಲ.

ಗಿಣಿ ಕೈಗೆ ಬಂತು. ಆದರೆ ಅದು ಬಂದ ರೀತಿಯನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅವರು ಹೊರಗೆ ಬಂದು ಪೆಟ್ಟಿಗೆ ತೆರೆದು, ಗಿಣಿಯನ್ನು ಎರಡೂ ಕೈಯಲ್ಲಿ ಹಿಡಿದು, ತಟ್ಟೆಯಲ್ಲಿ ತಾಂಬೂಲ ಕೊಡುವ ಹಾಗೆ ನನ್ನ ಕಡೆ ಚಾಚಿದರು. ನಾನು ತೆಗೆದುಕೊಂಡೆ. ಅಷ್ಟರಲ್ಲಿ ಅವರ ಕಡೆಯವರು ಯಾರೋ ಫೋಟೊ ಹೊಡೆದರು. ಬಸ್ಸು ಮದ್ದೂರು ಮುಟ್ಟುವ ಮೊದಲೇ ಅದು ಗ್ರೂಪಿನಲ್ಲಿತ್ತು. ಗ್ರಾಮೀಣ ಹೆಣ್ಣುಮಗಳೊಬ್ಬಳು ಈ ವಸ್ತುವಿನ ಮೇಲೆ ತೋರಿದ ಪ್ರೀತಿಗೆ ಮನಸೋತು ಗುರುಗಳು ಅಜ್ಜಿಯ ನೆನಪನ್ನೇ ದಾನ ಮಾಡಿದರು ಅಂತ ಬರೆದಿತ್ತು. ಕೆಳಗೆ ಸಾಲು ಸಾಲು ಕೈಮುಗಿಯುವ ಗುರುತು. ಎಂಥ ದೊಡ್ಡ ಮನಸ್ಸು ಗುರುಗಳೇ. ನಿಮ್ಮಂಥವರು ಬೇಕು ಗುರುಗಳೇ. ನಾನು ನಡೆದದ್ದನ್ನು ಬರೆದೆ, ನಕಲಿ ಗಿಣಿಯ ಫೋಟೊ ಹಾಕಿದೆ. ಯಾರೂ ಏನೂ ಕೇಳಲಿಲ್ಲ. ನನ್ನನ್ನು ಗ್ರೂಪಿನಿಂದ ತೆಗೆದರು.

"ಏನಂತೆ?" ಅಂದರು ಅತ್ತೆ. ನಾನು ಓದಿ ಹೇಳಿದೆ. ಅವರು ಕಿಟಕಿಯಿಂದ ಹೊರಗೆ ಉಗಿದು ಬಾಯಿ ಒರೆಸಿಕೊಂಡರು. ಅದಕ್ಕಿಂತ ಸರಿಯಾದ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಮುಂದಿನ ವಾರ ಬ್ಲಫ್ ಕಡೆಯ ಬಸ್ಸು ಹತ್ತಿದೆ. ಅಷ್ಟೆಲ್ಲ ಆದ ಮೇಲೆ ಆ ಗಿಣಿಯನ್ನು ಆ ಹೆಂಗಸಿಗೆ ಹೇಳದೆ ಇನ್ನೊಬ್ಬರಿಗೆ ಮಾರಲು ನನಗೆ ಮನಸ್ಸಾಗಲಿಲ್ಲ. ಊರಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಹುರುಳಿ ಒಣಹಾಕಿ, ಕೋಳಿ ಓಡಿಸುತ್ತಾ ಕೂತಿದ್ದರು. ನನ್ನನ್ನು ಗುರುತು ಹಿಡಿದು, ಡಬರಿ ಚೆನ್ನಾಗಿದೆ ಅಂದರು. ನಾನು ಚೀಲದಿಂದ ಗಿಣಿ ತೆಗೆದಾಗ ಮುಖ ಗಂಟಾಯಿತು. ಬೇಡ ಅಂತ ಕೈ ಆಡಿಸಿದರು. ಕೂತು ಎಲ್ಲ ಹೇಳಿದೆ. ಮಂಡ್ಯದಲ್ಲಿ ಒಬ್ಬರು ಇದು ತಮ್ಮ ಅಜ್ಜಿಯದು, ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು ಅಂತ ಮಕ್ಕಳಿಗೆ ಹೇಳಿದ್ದನ್ನೂ ಹೇಳಿದೆ. ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಮೊದಲು ನಕ್ಕರು.

"ನಮ್ಮತ್ತೆ ಎತ್ತ ಮಗನ್ನೂ ತೊಡೆ ಮೇಲೆ ಕೂರಿಸ್ಕಂಡೋಳಲ್ಲ ಕಣವ್ವ."

ಆಮೇಲೆ ನಗು ನಿಂತಿತು. ತಾಳಿಯ ಮಣಿಯ ವಿಷಯವನ್ನೂ ಆತ ಹೇಳಿದನಾ ಅಂತ ಕೇಳಿದರು. ಹೇಳಿದರು ಅಂದೆ. ಪ್ರೀತಿಯಿಂದ ಕಿತ್ತು ಕೊಟ್ಟರು ಅಂತಾನಾ ಅಂದರು. ಹೂಂ ಅಂದೆ. ಅವರು ಹುರುಳಿಯನ್ನು ಕೈಯಿಂದ ಹರವತೊಡಗಿದರು. ಆ ಬಾಗಿದ ಬೆರಳೊಂದು ಕಾಳಿಗೆ ತಾಗದೆ ಮೇಲೇ ಇರುತ್ತಿತ್ತು.

"ನೀನು ಮಾರಾದಾದ್ರೆ ಮಾರು," ಅಂದರು ಕೊನೆಗೆ. "ಆದ್ರೆ ಒಡೀತಿದ್ಲು ಅಂತ ಬರಿ. ನನ್ ಕೈ ಫೋಟಾನೂ ತಕ್ಕೊ." ಅಂತ ಅಂಗಳದ ಬಿಸಿಲಿನಲ್ಲಿ ಕೈ ಚಾಚಿದರು. ಹೆಸರು ಹಾಕುವುದಿಲ್ಲ, ಮುಖ ಬರುವುದಿಲ್ಲ ಅಂತ ನಾನು ಹೇಳಿದೆ. ಹಾಕಿದರೆ ನನಗೇನು ಅಂದರು. ಊಟ ಮಾಡಿಸಿಯೇ ಕಳಿಸಿದರು.

ಅವರು ಹೇಳಿದ ಹಾಗೆ ಬರೆದೆ. ಗಿಣಿಯ ಫೋಟೊದ ಪಕ್ಕ ಆ ಕೈಯ ಫೋಟೊ ಹಾಕಿದೆ. ಗಿರಾಕಿಗಳು ಬಂದರು, ಬರುತ್ತಲೇ ಇದ್ದಾರೆ. ಒಬ್ಬರು, ಆ ಕೆಟ್ಟ ಕತೆಯನ್ನು ತೆಗೆದುಹಾಕಿದರೆ ಕೊಳ್ಳುತ್ತೇನೆ ಅಂದರು. ಒಬ್ಬರು, ಹೆಂಗಸಿನ ಕಣ್ಣೀರು ಬಿದ್ದ ಸಾಮಾನು, ದೋಷ ಇರುತ್ತದೆ, ಅದಕ್ಕೆ ಬೆಲೆ ಕಮ್ಮಿ ಮಾಡಿ ಅಂದರು. ಬೆರಳು ಇದರಿಂದಲೇ ಮುರಿದದ್ದು ಅಂತ ಏನು ಗ್ಯಾರಂಟಿ ಅಂತ ಒಬ್ಬರು ಕೇಳಿದರು. ಇನ್ನೊಬ್ಬ, ಗಿಣಿ ಬೇಡ, ಆ ಕೈಯ ಫೋಟೊ ದೊಡ್ಡ ಸೈಜಿನಲ್ಲಿ ಸಿಗುತ್ತಾ, ಗೋಡೆಗೆ ಹಾಕಲು ಚೆನ್ನಾಗಿರುತ್ತದೆ ಅಂದ. ಅದನ್ನು ಓದಿ ಫೋನನ್ನು ಗಲ್ಲಾದ ಮೇಲೆ ಬೋರಲು ಹಾಕಿ ಹಿಂದಿನ ಕೋಣೆಗೆ ಹೋಗಿ ಕೂತಿದ್ದೆ. ನಮ್ಮ ಮನೆಯವರು ಅವನು ಬರೆದದ್ದನ್ನು ಓದಿದರು. ಆವತ್ತು ಅವರು ನಗಲಿಲ್ಲ.

ಮದ್ದೂರಿನ ಒಬ್ಬ ಹೆಂಗಸು ಮಾತ್ರ, ಏನೂ ಬರೆಯದೆ, ನೇರ ಅಂಗಡಿಗೆ ಬಂದರು. ನನ್ನ ವಯಸ್ಸಿನವರು. ಫೋನಿನಲ್ಲಿ ನೋಡಿದೆ, ಕೈಯಲ್ಲಿ ಹಿಡಿದು ನೋಡಬಹುದಾ ಅಂದರು. ಕೊಟ್ಟೆ. ಹಿಡಿಯನ್ನು ಒತ್ತಿ ನೋಡಿದರು, ತಿರುಗಿಸಿ ಭಾರ ನೋಡಿದರು. ತಮ್ಮದೇ ಎಡಗೈಯ ಗಿಣ್ಣಿನ ಮೇಲೆ ಮೆಲ್ಲಗೆ ಇಟ್ಟು ಹಾಗೇ ನಿಂತರು. ಕೊಳ್ಳುತ್ತಾರೆ ಅಂದುಕೊಂಡೆ. ಅವರು ಅದನ್ನು ವಾಪಸ್ ಮೇಜಿನ ಮೇಲೆ ಇಟ್ಟು, "ಬೇಡ ಕಣ್ರೀ. ಮನೇಲಿಟ್ಕೊಂಡ್ರೆ ದಿನಾ ನೋಡ್ಬೇಕಾಗುತ್ತೆ," ಅಂದರು. ಚೌಕಾಸಿ ಮಾಡಲಿಲ್ಲ. ಒಂದು ಸ್ಟೀಲ್ ಜರಡಿ ಕೊಂಡು ಹೋದರು. ಆ ಗಿಣಿಗೆ ಬಂದ ಗಿರಾಕಿಗಳಲ್ಲಿ ಮತ್ತೆ ಬಂದರೆ ಕೂರಿಸಿ ಕಾಫಿ ಕೊಡಬೇಕು ಅನ್ನಿಸುವವರು ಅವರೊಬ್ಬರೇ.

ಗಿಣಿ ಇನ್ನೂ ಮಾರಾಟವಾಗಿಲ್ಲ. ಬೇರೆ ಅಡಕತ್ತರಿಗಳನ್ನು ಈಗಲೂ ಮಾರುತ್ತೇನೆ, ಆದರೆ ಬೇಕಾದವರು ಮಳವಳ್ಳಿಗೆ ಬಂದು, ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ, ನನ್ನ ಮುಂದೆ ನಿಂತು ಕೊಳ್ಳಬೇಕು. ಅಷ್ಟು ದೂರ ಬರುವವರು ಕಮ್ಮಿ. ಉಳಿದದ್ದು ತೂಕಕ್ಕೆ ಹೋಗುತ್ತದೆ. ಮೊದಲು ಅದಕ್ಕೆ ಸಂಕಟಪಡುತ್ತಿದ್ದೆ. ಈಗ ಗಾಡಿ ತುಂಬುವಾಗ ನಾನೂ ಒಂದು ಕೈ ಹಿಡಿಯುತ್ತೇನೆ.

ಮಂಡ್ಯದ ಆ ಗುರುಗಳು ಹಬ್ಬ ಬಂದರೆ ನನ್ನ ನಂಬರಿಗೆ ಶುಭಾಶಯ ಕಳಿಸುತ್ತಾರೆ. ದೀಪಾವಳಿಗೆ ಹಣತೆಯ ಸಾಲಿನ ಚಿತ್ರ ಬಂದಿತ್ತು, ಕೆಳಗೆ "ಸಹೋದರಿಗೆ" ಅಂತ ಬರೆದಿತ್ತು. ಉತ್ತರ ಕೊಡಲಿಲ್ಲ, ಬ್ಲಾಕೂ ಮಾಡಲಿಲ್ಲ. ಮುಂದಿನ ಪ್ರದರ್ಶನದಲ್ಲಿ ಯಾರ ಅಜ್ಜಿಯನ್ನು ತಮ್ಮ ಅಜ್ಜಿ ಅನ್ನುತ್ತಾರೋ ನನಗೆ ಗೊತ್ತಾಗಬೇಕಲ್ಲ.